ಈ ಭಾನುವಾರ ಯಾರು ಕೊಟ್ಟಿದ್ದು? ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ ತುಳಿಯುತ್ತಾ ಹಾಕಿದ ಲೆಕ್ಕ

ಈ ಸಲ ಸಂಕ್ರಾಂತಿ ವಾರದ ನಡುವೆ ಬಂತು. ನಮ್ಮ ಗುಂಪಿನಲ್ಲಿ ಐದು ಜನ. ಅವತ್ತು ರಜೆ ಇದ್ದದ್ದು ಇಬ್ಬರಿಗೆ ಮಾತ್ರ. ವಾಟ್ಸಾಪ್ ಗ್ರೂಪಿನಲ್ಲೇ ಪಂಚಾಯ್ತಿ ಕೂತು ಹಬ್ಬವನ್ನು ಭಾನುವಾರಕ್ಕೆ ಮುಂದೂಡಿದೆವು. ಪಂಚಾಂಗ ಒಪ್ಪದಿದ್ದರೂ ಪರವಾಗಿಲ್ಲ, ಶಿಫ್ಟ್ ಒಪ್ಪಬೇಕಲ್ಲ!

ಪ್ಲಾನ್ ಸರಳವಾಗಿತ್ತು. ಬೆಳಗ್ಗೆ ಆರಕ್ಕೆ ಜಯದೇವ ಸರ್ಕಲ್ ಹತ್ತಿರ ಸೇರುವುದು, ಕಾಫಿ ಕುಡಿಯುವುದು, ಹಳೇ ಪಿ.ಬಿ. ರೋಡ್ ಹಿಡಿದು ಸೈಕಲ್‌ನಲ್ಲಿ ಹರಿಹರಕ್ಕೆ ಹೋಗುವುದು, ತುಂಗಭದ್ರೆಯ ದಂಡೆಯಲ್ಲಿ ಬುತ್ತಿ ಬಿಚ್ಚುವುದು. ಹೋಗೋಕೆ ಸುಮಾರು 14 ಕಿಲೋಮೀಟರ್, ಬರೋಕೆ ಅಷ್ಟೇ. ಸಂಕ್ರಾಂತಿಗೆ ಹೊಳೆಗೆ ಹೋಗಿ ಮಿಂದು, ದಂಡೆಯಲ್ಲಿ ಕೂತು ಉಣ್ಣುವುದು ನಮ್ಮ ಕಡೆ ಮೊದಲಿಂದ ಬಂದ ರೂಢಿ. ಟ್ರಾಕ್ಟರಿನಲ್ಲಿ, ಟಂಟಂನಲ್ಲಿ, ಬೈಕಿನಲ್ಲಿ ಜನ ಹೋಗುತ್ತಾರೆ. ನಾವು ಸೈಕಲ್ ಅಂದುಕೊಂಡೆವು, ಅಷ್ಟೇ.

ಐವರ ಪರಿಚಯ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಬೇಕು. ನಾನು ಅತಿಥಿ ಉಪನ್ಯಾಸಕ. ಒಬ್ಬಳು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಒಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವನು, ವಾರಾಂತ್ಯಕ್ಕೆ ಊರಿಗೆ ಬಂದಿದ್ದ. ಒಬ್ಬ ಬಟ್ಟೆ ಅಂಗಡಿಯ ಸೇಲ್ಸ್‌ಮನ್. ಐದನೆಯವನು ಆ್ಯಪ್‌ಗೆ ಊಟ ಡೆಲಿವರಿ ಮಾಡುವವನು. ಅವನು ಹಿಂದಿನ ರಾತ್ರಿಯೇ ಮೆಸೇಜ್ ಹಾಕಿದ್ದ: "ನೀವು ಹೋಗಿರ್ರಲೇ, ಭಾನುವಾರ ಮಧ್ಯಾಹ್ನ ಆರ್ಡರ್ ಜಾಸ್ತಿ. ಊಟದ ಹೊತ್ತು ಮುಗಿಸಿ ಬರ್ತೀನಿ."

ಬೈ ಟೂ ಕಾಫಿ ಮತ್ತು ಒಂದು ಪ್ರಶ್ನೆ

ಜನವರಿಯ ಚಳಿ. ಸ್ಟೀಲ್ ಲೋಟದಲ್ಲಿ ಬೈ ಟೂ ಕಾಫಿ ಬಂತು. ತಂದುಕೊಟ್ಟವನು ಇಪ್ಪತ್ತರ ಆಸುಪಾಸಿನ ಹುಡುಗ. ನಮ್ಮ ಹೆಲ್ಮೆಟ್ಟು, ಸೈಕಲ್ಲು ನೋಡಿ ನಕ್ಕು, "ಎಲ್ಲಿಗಣ್ಣ?" ಅಂದ. ಹೇಳಿದೆ. ಸುಮ್ಮನೆ ಮಾತಿಗೆ "ನಿಂಗೆ ಯಾವತ್ತು ರಜಾ?" ಅಂತ ಕೇಳಿದೆ.

"ಊರಿಗೆ ಹೋದಾಗ ರಜಾ ಅಣ್ಣ," ಅಂದ.

ಊರಿಗೆ ಹೋಗುವುದು ವರ್ಷಕ್ಕೆ ಎರಡು ಸಲ ಅಂತೆ. ನಾವು ಭಾನುವಾರವನ್ನು ಗಾಳಿ, ಬಿಸಿಲಿನ ಹಾಗೆ ತಾನಾಗೇ ಬರುವ ವಸ್ತು ಅಂದುಕೊಂಡಿದ್ದೇವೆ. ಕಾಫಿ ಕೊಡುವ ಅವನಿಗೆ ಅದು ಬರುವುದಿಲ್ಲ. ಹಾಗಾದರೆ ನಮಗೆ ಎಲ್ಲಿಂದ ಬಂತು?

ಕಾಫಿಗೂ ಈ ಪ್ರಶ್ನೆ ಅಂಟಿಕೊಂಡಿದೆ. ಬೀಜ ಕೊಯ್ಯುವ ತೋಟದ ಕಾರ್ಮಿಕರಿಗೆ ವಾರಕ್ಕೊಂದು ರಜೆ ಇರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಅದೇ ಕಾಫಿ ಲೋಟಕ್ಕೆ ಬರುವ ಹೊತ್ತಿಗೆ, ತಂದುಕೊಡುವವನ ಹತ್ತಿರ ಆ ರಜೆ ಇಲ್ಲ.

ಎತ್ತಿಗೆ ಸೋಮವಾರ, ಮನುಷ್ಯನಿಗೆ?

ನಮ್ಮ ಕಡೆ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ ಅಂತ. ಅಂದರೆ ವಾರದ ರಜೆ ನಮ್ಮಲ್ಲಿ ಮೊದಲು ಸಿಕ್ಕಿದ್ದು ಎತ್ತುಗಳಿಗೆ! ಮನುಷ್ಯರಿಗೆ ಅಮಾವಾಸ್ಯೆ, ಹುಣ್ಣಿಮೆ, ಜಾತ್ರೆ, ಸಂತೆ ಹೀಗೆ ಬಿಡುವು ಇತ್ತೇ ಹೊರತು ಏಳು ದಿನಕ್ಕೊಂದು ಎಂಬ ಲೆಕ್ಕ ಇರಲಿಲ್ಲ. ಕಾರ್ಖಾನೆ ಬಂದ ಮೇಲೆ ಆ ಬಿಡುವೂ ಹೋಯಿತು. ಯಂತ್ರಕ್ಕೆ ಅಮಾವಾಸ್ಯೆ ಗೊತ್ತಿಲ್ಲ.

ಬ್ರಿಟಿಷರು ಕ್ರೈಸ್ತರು, ಚರ್ಚಿಗೆ ಹೋಗಬೇಕು, ಅದಕ್ಕೇ ಭಾನುವಾರ ರಜೆ ಬಂತು ಅಂತ ಶಾಲೆಯಲ್ಲಿ ಕೇಳಿದ್ದೆವು. ಕಚೇರಿಗಳ ಮಟ್ಟಿಗೆ ಅದು ಸರಿ. ಕಾರ್ಖಾನೆಯ ಕಾರ್ಮಿಕನಿಗೆ ಮಾತ್ರ ಯಾರೂ ಪ್ರೀತಿಯಿಂದ ಕೊಟ್ಟಿದ್ದಲ್ಲ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಕೆಲಸ. ಅಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರಿದ್ದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. ವಾರಕ್ಕೊಂದು ರಜೆ ಬೇಕು ಎಂಬುದು ಮುಖ್ಯ ಬೇಡಿಕೆ. ವರ್ಷಗಟ್ಟಲೆ ಅರ್ಜಿ, ಸಭೆ. 1890ರ ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರು ಸೇರಿದ ಬಹಿರಂಗ ಸಭೆಯಲ್ಲಿ ಇಬ್ಬರು ಕಾರ್ಮಿಕ ಮಹಿಳೆಯರೂ ಎದ್ದು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷ, 1891ರಲ್ಲಿ, ಕಾರ್ಖಾನೆ ಕಾಯ್ದೆಯೊಳಗೆ ವಾರದ ರಜೆ ಸೇರಿತು.

ಜಾತಿವಿರೋಧಿ ಚಳವಳಿಯ ಒಳಗಿಂದ ಬಂದ ಒಬ್ಬ ಮನುಷ್ಯ ಈ ದೇಶದ ಕಾರ್ಮಿಕರಿಗೆ ಭಾನುವಾರ ಗೆದ್ದುಕೊಟ್ಟ. ಇದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಬಾತಿ ಕಡೆಗೆ ಸೈಕಲ್ ತುಳಿಯುತ್ತಾ ನಾನು ಇದನ್ನು ಹೇಳಿದರೆ, ಬಟ್ಟೆ ಅಂಗಡಿಯವನು "ಮತ್ತೆ ನಮ್ ಅಂಗಡಿಗೆ ಯಾವಾಗ ಬರ್ತಾರಂತೆ ಅವರು?" ಅಂದ. ಅವನಿಗೆ ಸರದಿ ಮೇಲೆ ವಾರದ ರಜೆ. ಮದುವೆ ಸೀಸನ್ ಬಂತೆಂದರೆ ಅದೂ ಕಟ್. ಈ ಭಾನುವಾರಕ್ಕಾಗಿ ಸಹೋದ್ಯೋಗಿಯ ಜೊತೆ ದಿನ ಅದಲು ಬದಲು ಮಾಡಿಕೊಂಡು ಬಂದಿದ್ದ.

ಗಿರಣಿ ಊರಿನ ಸೈಕಲ್ಲು

ಈಗ ದಾವಣಗೆರೆ ಅಂದರೆ ಬೆಣ್ಣೆದೋಸೆ, ಕಾಲೇಜುಗಳು, ಸ್ಮಾರ್ಟ್ ಸಿಟಿ. ಒಂದು ಕಾಲಕ್ಕೆ ಅಂದರೆ 'ಕರ್ನಾಟಕದ ಮ್ಯಾಂಚೆಸ್ಟರ್'. ಹತ್ತಿ ಮಾರುಕಟ್ಟೆ, ಸಾಲು ಸಾಲು ಗಿರಣಿಗಳು. ನಮ್ಮಪ್ಪ ಅಂಥದೊಂದು ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದರು. ಕೂಗು ಹೊಡೆದರೆ ರಸ್ತೆ ತುಂಬಾ ಸೈಕಲ್ಲು, ಹ್ಯಾಂಡಲ್ಲಿಗೆ ಬುತ್ತಿ ಚೀಲ. ಆಗ ಸೈಕಲ್ ಫಿಟ್‌ನೆಸ್‌ಗೆ ಅಲ್ಲ, ಹೊಟ್ಟೆಗೆ.

ಆ ಊರು ಯೂನಿಯನ್ನಿನ ಊರೂ ಆಗಿತ್ತು. ಇಡೀ ರಾಜ್ಯದಲ್ಲಿ ಕಮ್ಯುನಿಸ್ಟರು ಬೆರಳೆಣಿಕೆಯಷ್ಟು ಸೀಟು ಗೆಲ್ಲುತ್ತಿದ್ದ ಕಾಲದಲ್ಲಿ ದಾವಣಗೆರೆ ಸಿಪಿಐನ ಪಂಪಾಪತಿಯವರನ್ನು ಮೂರು ಬಾರಿ ವಿಧಾನಸಭೆಗೆ ಕಳಿಸಿತು. ಅಪ್ಪ ಹೇಳುವುದು ಇಷ್ಟೇ: "ವಾರದ ರಜಾ ದಿನ ಯಾರಾದ್ರೂ ಕೆಲಸಕ್ಕೆ ಕರೆದ್ರೆ, ಯಾಕ್ರೀ ಅಂತ ಕೇಳೋಕೆ ಒಬ್ಬ ಇದ್ದ." ಕಾನೂನು ಪುಸ್ತಕದಲ್ಲಿತ್ತು. ಅದನ್ನು ಗಿರಣಿ ಗೇಟಿನವರೆಗೆ ತಂದದ್ದು ಯೂನಿಯನ್.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸೈಕಲ್ಲುಗಳು ಕಮ್ಮಿಯಾದವು. ಯೂನಿಯನ್ನುಗಳೂ ಸಣ್ಣವಾದವು. ಈಗ ಭಾನುವಾರ ಬೆಳಗ್ಗೆ ಪಿ.ಬಿ. ರಸ್ತೆಯಲ್ಲಿ ಎರಡು ಥರದ ಸೈಕಲ್ ಕಾಣುತ್ತವೆ. ಒಂದು ನಮ್ಮದು, ಗೇರು, ಹೆಲ್ಮೆಟ್ಟು, ನೀರಿನ ಬಾಟಲಿ. ಇನ್ನೊಂದು ಹಿಂದಿನ ಕ್ಯಾರಿಯರ್‌ಗೆ ಹಾಲಿನ ಕ್ಯಾನೋ, ಗಾರೆ ಬಾಂಡ್ಲಿಯೋ ಕಟ್ಟಿಕೊಂಡು ಹೋಗುವವರದು. ರಸ್ತೆ ಒಂದೇ, ಲಾರಿ ಹಾರ್ನ್ ಒಂದೇ, ಪಕ್ಕಕ್ಕೆ ಸರಿಯಲು ಜಾಗ ಇಬ್ಬರಿಗೂ ಇಲ್ಲ. ಆದರೆ ಭಾನುವಾರ ಅವರದ್ದಲ್ಲ.

ಸೈಕಲ್ ಅಂಗಡಿಯಿಂದ ಹುಟ್ಟಿದ ಕಾರ್ಖಾನೆ

ಬಾತಿ ದಾಟಿದರೆ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳು. ಬೇಸಿಗೆ ಭತ್ತಕ್ಕೆ ತಯಾರಿ ನಡೆದಿತ್ತು. ಭಾನುವಾರವೂ ಗದ್ದೆಯಲ್ಲಿ ಹೆಂಗಸರು ಬಗ್ಗಿದ್ದರು. ಕೂಲಿ ದಿನದ ಲೆಕ್ಕ. ದುಡಿಯದ ದಿನಕ್ಕೆ ಕೂಲಿ ಇಲ್ಲ, ಹಾಗಾಗಿ ರಜೆ ಅಂದರೆ ಅವರಿಗೆ ನಷ್ಟದ ಇನ್ನೊಂದು ಹೆಸರು.

ಹರಿಹರ ಹತ್ತಿರವಾದಂತೆ ಕಿರ್ಲೋಸ್ಕರ್ ನೆನಪಾಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಶುರು ಮಾಡಿದ್ದು ಒಂದು ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿ ಲೇತ್ ಯಂತ್ರಗಳನ್ನು ಮಾಡಿತು. ಸಣ್ಣ ದೇವಸ್ಥಾನದ ಊರು ಕಾರ್ಖಾನೆಯ ಊರಾಯಿತು. ಪಿ.ಎಫ್., ಬೋನಸ್, ವಾರದ ರಜೆ ಇರುವ ನೌಕರಿ ಎಂದರೆ ಏನು ಎಂಬುದನ್ನು ಸುತ್ತಲಿನ ಹಳ್ಳಿಗಳು ನೋಡಿದ್ದು ಅಲ್ಲಿ. ಹೊಸ ಶತಮಾನ ಬರುವ ಹೊತ್ತಿಗೆ ಅದೂ ಬಾಗಿಲು ಹಾಕಿತು.

ಮುಚ್ಚಿದ್ದು ಬರೀ ಕಾರ್ಖಾನೆಯಲ್ಲ. ಅಂಥ ನೌಕರಿ ಹೋದಾಗ ಅದರ ಜೊತೆ ಭಾನುವಾರವೂ ಹೋಗುತ್ತದೆ. ಕೆಲಸ ಕಳೆದುಕೊಂಡವನು ಆಟೋ ಓಡಿಸಿದ, ಅಂಗಡಿ ಇಟ್ಟ, ಸೆಕ್ಯುರಿಟಿ ಗಾರ್ಡ್ ಆದ. ಅವನ ಮಗ ಈಗ ಡೆಲಿವರಿ ಬ್ಯಾಗ್ ಹೊತ್ತಿದ್ದಾನೆ. ಒಂದು ತಲೆಮಾರು ಗೆದ್ದದ್ದನ್ನು ಮುಂದಿನ ತಲೆಮಾರು ಸದ್ದಿಲ್ಲದೆ ಕಳೆದುಕೊಂಡಿತು.

ಬುತ್ತಿ ಕಟ್ಟಿದ್ದು ಯಾರು?

ಹರಿಹರೇಶ್ವರ ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ, ಹೊಳೆ ದಂಡೆಗೆ ಬಂದು ಚಾಪೆ ಹಾಸಿದೆವು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 13ನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಗುಡಿ ಅದು. ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ. ಜಗಳ ಬೇಡ, ಇಬ್ಬರೂ ಹಂಚಿಕೊಳ್ಳಿ ಅಂದ ಹಾಗೆ.

ಹೊಳೆಯ ಆಚೆ ಹಾವೇರಿ ಜಿಲ್ಲೆ. ಸ್ವಾತಂತ್ರ್ಯಕ್ಕೆ ಮುಂಚೆ ಈ ದಂಡೆ ಮೈಸೂರು ಸಂಸ್ಥಾನ, ಆ ದಂಡೆ ಬ್ರಿಟಿಷರ ಬಾಂಬೆ ಪ್ರಾಂತ್ಯ. ಲೋಖಂಡೆ ಗೆದ್ದ ಕಾನೂನು ಆ ದಂಡೆಯವರೆಗೆ. ಈ ದಂಡೆಯಲ್ಲಿ ಮಹಾರಾಜರ ಕಾನೂನು. ವಾರಕ್ಕೆ ಹೆಚ್ಚೆಂದರೆ 48 ಗಂಟೆ, ಏಳರಲ್ಲಿ ಒಂದು ದಿನ ರಜೆ ಎಂಬ ನಿಯಮ ಎರಡೂ ದಂಡೆಗೆ ಒಂದೇ ಆದದ್ದು 1948ರ ಕಾರ್ಖಾನೆ ಕಾಯ್ದೆ ದೇಶಕ್ಕೆಲ್ಲ ಬಂದ ಮೇಲೆ. ವಾರದ 54 ಗಂಟೆಯನ್ನು 48ಕ್ಕೆ ಇಳಿಸುವ ಕೆಲಸ 1946ರಲ್ಲೇ ನಡೆದಿತ್ತು. ಅದಕ್ಕೆ ದಾರಿ ಮಾಡಿದ್ದು 1942ರಿಂದ 46ರವರೆಗೆ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಿದ್ದ ಅಂಬೇಡ್ಕರ್.

ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕುಂಬಳಕಾಯಿ ಪಲ್ಯ, ಗುರೆಳ್ಳು ಚಟ್ನಿಪುಡಿ, ಶೇಂಗಾ ಹೋಳಿಗೆ, ಕೊನೆಗೆ ಮೊಸರನ್ನ. ಚಿತ್ರಾನ್ನ ನಾನು ಮಾಡಿದ್ದು, ಉಪ್ಪು ಜಾಸ್ತಿಯಾಗಿತ್ತು. ಉಳಿದದ್ದೆಲ್ಲ ನಮ್ಮ ಅಮ್ಮಂದಿರದು. ಬೆಳಗ್ಗೆ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುತ್ತಿದ್ದ ಅಮ್ಮ ನಗುತ್ತಲೇ ಅಂದಿದ್ದಳು: "ನಿಮಗೇನಪ್ಪ, ಹಬ್ಬ ಮುಂದಕ್ಕೆ ಹಾಕಿದ್ರಿ. ನನಗೆ ಎರಡು ಸಲ ಬಂತು."

ವಾರದ ನಡುವಿನ ನಿಜವಾದ ಸಂಕ್ರಾಂತಿಗೆ ಒಮ್ಮೆ, ನಮ್ಮ ಅನುಕೂಲದ ಭಾನುವಾರಕ್ಕೆ ಇನ್ನೊಮ್ಮೆ. ಅಪ್ಪನ ಗಿರಣಿಗೆ ಭಾನುವಾರ ಬಂದಿತ್ತು, ಅಮ್ಮನ ಒಲೆಗೆ ಬರಲೇ ಇಲ್ಲ. ಅಪ್ಪನ ರಜೆ ದಿನ ಅಮ್ಮನಿಗೆ ಕೆಲಸ ಜಾಸ್ತಿ, ಯಾಕೆಂದರೆ ಎಲ್ಲರೂ ಮನೆಯಲ್ಲಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಕಾರ್ಮಿಕ ಕಾನೂನಿನ ಬಗ್ಗೆ ಭಾಷಣ ಮಾಡುವ ನಾನು ಈ 88ರ ಒಳಗೇ ಇದ್ದೇನೆ. ಇದನ್ನು ಬರೆಯದಿದ್ದರೆ ಉಳಿದ ಲೆಕ್ಕವೆಲ್ಲ ಸುಳ್ಳು.

ನರ್ಸ್ ಗೆಳತಿ ಅರ್ಧ ಹೋಳಿಗೆ ತಿಂದು, ಚಾಪೆ ಮೇಲೆ ಅಡ್ಡಾದವಳು ಹಾಗೇ ನಿದ್ದೆ ಹೋದಳು. ರಾತ್ರಿ ಪಾಳಿ ಮುಗಿಸಿ ನೇರ ಸೈಕಲ್ ಹತ್ತಿದ್ದಳು. ಯಾರೂ ಎಬ್ಬಿಸಲಿಲ್ಲ.

"ರಜಾ ಅಂದ್ರೆ ಲಾಗಿನ್ ಆಗದೇ ಇರದು"

ಮೂರು ಗಂಟೆ ದಾಟಿದ ಮೇಲೆ ಡೆಲಿವರಿ ಗೆಳೆಯ ಬೈಕಿನಲ್ಲಿ ಬಂದ. ಕಂಪನಿಯ ಟೀ ಶರ್ಟ್ ಇನ್ನೂ ಮೈಮೇಲಿತ್ತು. ರೊಟ್ಟಿ ತಣ್ಣಗಾಗಿತ್ತು, ಗಬಗಬ ತಿಂದ. ನಿಂಗೆ ವಾರದ ರಜೆ ಇಲ್ವಾ ಅಂದರೆ, "ಐತಲ್ಲ, ಯಾವತ್ತು ಬೇಕಾದ್ರೂ ತಗೋಬಹುದು. ರಜಾ ಅಂದ್ರೆ ಲಾಗಿನ್ ಆಗದೇ ಇರದು. ದುಡ್ಡು ಬರಲ್ಲ ಅಷ್ಟೇ. ಅದೂ ಭಾನುವಾರ ಲಾಗಿನ್ ಆಗ್ಲಿಲ್ಲ ಅಂದ್ರೆ ವಾರದ ಇನ್ಸೆಂಟಿವ್ವೇ ಹೋಗತ್ತೆ," ಅಂದ.

ಸಾಫ್ಟ್‌ವೇರ್ ಗೆಳೆಯನ ಕಥೆ ಬೇರೆ. ಅವನಿಗೆ ಕಾಗದದ ಮೇಲೆ ಶನಿವಾರ, ಭಾನುವಾರ ಎರಡೂ ರಜೆ. ಆದರೆ ದಂಡೆಯ ಮೇಲೂ ಲ್ಯಾಪ್‌ಟಾಪ್ ಬ್ಯಾಗ್ ಪಕ್ಕದಲ್ಲಿತ್ತು. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿ, ನಿಮ್ಮನ್ನು ಭಾನುವಾರ ದುಡಿಸಲು ಆಗುತ್ತಿಲ್ಲವಲ್ಲ ಎಂಬ ಬೇಸರವನ್ನೂ ಹೇಳಿಕೊಂಡರು. ನಾವು ಮೀಮ್ ಮಾಡಿ ನಕ್ಕೆವು. ಆದರೆ 1890ರಲ್ಲಿ ಗಿರಣಿ ಮಾಲೀಕರು ಬಿಟ್ಟುಕೊಟ್ಟ ದಿನದ ಬಗ್ಗೆಯೇ ಆ ಬೇಸರ ಎಂಬುದು ಎಷ್ಟು ಜನಕ್ಕೆ ಹೊಳೆಯಿತು?

ಈಗ ಕಾನೂನು ಏನು ಹೇಳುತ್ತೆ?

ಸರಳವಾಗಿ ಹೇಳುತ್ತೇನೆ.

ಕಾರ್ಖಾನೆಯಲ್ಲಿ: 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕ ಒಪ್ಪಿದರೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ವಾರಕ್ಕೆ 48 ಗಂಟೆ ಮೀರಬಾರದು, ಅಷ್ಟೇ. ಎಂಟು ಗಂಟೆಯಂತೆ ಆರು ದಿನವೂ 48, ಹನ್ನೆರಡರಂತೆ ನಾಲ್ಕು ದಿನವೂ 48. ಲೆಕ್ಕದಲ್ಲಿ ಮೂರು ದಿನ ರಜೆ ಸಿಗಬೇಕು. ಆದರೆ ಹನ್ನೆರಡು ಗಂಟೆ ದುಡಿದವನಿಗೆ ಐದನೇ ದಿನವೂ ಬಾ ಅಂದರೆ, ಆಗಲ್ಲ ಅನ್ನುವ ಶಕ್ತಿ ಇರಬೇಕಲ್ಲ? ಯೂನಿಯನ್ ಇಲ್ಲದ ಕಡೆ ಒಪ್ಪಿಗೆ ಎಂಬ ಪದಕ್ಕೆ ಹೆಚ್ಚು ಅರ್ಥ ಇರುವುದಿಲ್ಲ.

ಹೊಸ ಸಂಹಿತೆಗಳಲ್ಲಿ: 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದು ಎಂಬ ಮಾತು ಅಲ್ಲಿಯೂ ಇದೆ. ಆದರೆ ಸುರಕ್ಷತೆ ಮತ್ತು ಕೆಲಸದ ಸ್ಥಿತಿಗತಿಯ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಂಥ, ಮನೆಮಂದಿಯೆಲ್ಲ ಸೇರಿ ಹೊಗೆಯಲ್ಲಿ ದುಡಿಯುವ ಸಣ್ಣ ಕಡೆಗಳಿಗೆ ಅದು ತಲುಪುವುದು ಕಷ್ಟ. ಸಂಜೆ ಮಿರ್ಚಿ ಜೊತೆ ನಾವು ಮೆಲ್ಲುವ ಮಂಡಕ್ಕಿಗೂ ವಾರದ ರಜೆ ಗೊತ್ತಿಲ್ಲ.

ಅಂಗಡಿ, ಹೋಟೆಲ್‌ಗಳಲ್ಲಿ: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಪ್ರತಿ ನೌಕರನಿಗೆ ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಲೇಬೇಕು. ಅಂದರೆ ಬೆಳಗ್ಗೆ ಕಾಫಿ ಕೊಟ್ಟ ಹುಡುಗನಿಗೆ ಕಾನೂನು ಇದೆ. ಕೇಳುವವರು ಇಲ್ಲ.

ಆ್ಯಪ್‌ಗಳಲ್ಲಿ: 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ನೋಂದಣಿ, ಕಲ್ಯಾಣ ಮಂಡಳಿ, ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಲ್ಲ ಬಂತು. ಒಳ್ಳೆಯ ಹೆಜ್ಜೆ. ಆದರೆ ವಾರಕ್ಕೊಂದು ದಿನ ಸಂಬಳಸಹಿತ ರಜೆ ಎಂಬುದು ಅದರಲ್ಲಿಲ್ಲ. ಕಾನೂನಿನ ಕಣ್ಣಿಗೆ ಅವನು ನೌಕರನಲ್ಲ, 'ಪಾಲುದಾರ'ನ ಥರ ಏನೋ ಒಂದು. ಪಾಲುದಾರರಿಗೆ ಭಾನುವಾರ ಇರುವುದಿಲ್ಲ.

ಆಸ್ಪತ್ರೆ, ಬಸ್ಸು, ಹೋಟೆಲ್ ಭಾನುವಾರ ಮುಚ್ಚಬೇಕು ಅಂತ ಯಾರೂ ಹೇಳುತ್ತಿಲ್ಲ. ಮುಚ್ಚಿದರೆ ನಮಗೆ ಕಾಫಿಯೂ ಇಲ್ಲ, ದೋಸೆಯೂ ಇಲ್ಲ. ಕೇಳಬೇಕಾದ್ದು ಏಳರಲ್ಲಿ ಒಂದು. ಯಾವ ದಿನವಾದರೂ ಸರಿ, ಕೂಲಿ ಕಡಿಯದೆ, ಇನ್ಸೆಂಟಿವ್ ಕಸಿಯದೆ, ಮೊದಲೇ ಗೊತ್ತಾಗುವಂತೆ. ಕೂಲಿ ಸಿಗದ ರಜೆ ರಜೆಯಲ್ಲ, ಅದು ಉಪವಾಸದ ಆಯ್ಕೆ.

ವಾಪಸ್ ಬರುವಾಗ

ಐದಕ್ಕೆ ಡೆಲಿವರಿ ಗೆಳೆಯ ಎದ್ದ. ರಾತ್ರಿ ಊಟದ ಆರ್ಡರ್ ಶುರುವಾಗುವ ಹೊತ್ತು. ಎಳ್ಳುಬೆಲ್ಲದ ಪೊಟ್ಟಣ ಜೇಬಿಗೆ ಹಾಕಿಕೊಂಡು, "ಮುಂದಿನ ಸಲ ಸೈಕಲ್ ತರ್ತೀನಿ ಕಣ್ರಲೇ," ಅಂದು ಹೋದ. ಹೋದ ವರ್ಷವೂ ಹಾಗೇ ಹೇಳಿದ್ದ.

ನಾವು ಎದುರುಗಾಳಿಯಲ್ಲಿ ತುಳಿದು ದಾವಣಗೆರೆ ಮುಟ್ಟುವಾಗ ದೀಪ ಹತ್ತಿತ್ತು. ಅದೇ ಹೋಟೆಲ್ಲಿಗೆ ಹೋದೆವು. ಅದೇ ಹುಡುಗ. ಬೆಳಗ್ಗೆ ಆರಕ್ಕೂ ಅವನೇ, ಸಂಜೆ ಏಳಕ್ಕೂ ಅವನೇ. ನರ್ಸ್ ಗೆಳತಿ ಉಳಿದಿದ್ದ ಎರಡು ಶೇಂಗಾ ಹೋಳಿಗೆ ಅವನ ಕೈಗೆ ಕೊಟ್ಟಳು. "ಹಬ್ಬ ಜೋರಾ ಅಕ್ಕ?" ಅಂತ ಖುಷಿಯಿಂದ ಕೇಳಿದ. ವಾರಕ್ಕೊಂದು ದಿನ ರಜೆ ಅವನ ಹಕ್ಕು ಎಂದು ಹೇಳಿದೆ. ಒಳಗೆ ಗಲ್ಲಾದ ಕಡೆ ಒಮ್ಮೆ ನೋಡಿ, "ಸಕ್ಕರೆ ಕಮ್ಮಿನಾ ಅಣ್ಣ?" ಅಂದ.

ಹಕ್ಕು ಇದೆ ಎಂದು ಒಬ್ಬ ಗಿರಾಕಿ ಹೇಳಿದರೆ ಅವನಿಗೆ ರಜೆ ಸಿಗುವುದಿಲ್ಲ, ಕೆಲಸ ಹೋಗಬಹುದು. ಅವನ ಆ ನೋಟಕ್ಕೆ ಅರ್ಥ ಅದು. ಲೋಖಂಡೆ ಒಬ್ಬರೇ ಹೋಗಿ ಕೇಳಲಿಲ್ಲ, ಸಂಘ ಕಟ್ಟಿದರು. ಅಪ್ಪನ ಗಿರಣಿಯಲ್ಲಿ "ಯಾಕ್ರೀ" ಅಂತ ಕೇಳಿದ್ದೂ ಸಂಘ. ಹೋಟೆಲ್ ಕೆಲಸಗಾರರ, ಡೆಲಿವರಿಯವರ, ಅತಿಥಿ ಉಪನ್ಯಾಸಕರ ಸಂಘ ಕಟ್ಟುವವರಿಗೆ ಜೊತೆಯಾಗುವುದು, ಕಾರ್ಮಿಕ ಇಲಾಖೆಗೆ ದೂರು ಬರೆಯಲು ಕೈಜೋಡಿಸುವುದು ನಮ್ಮಂಥವರು ಮಾಡಬಹುದಾದ ಕೆಲಸ. ಮನೆಯಲ್ಲಿ ಮುಂದಿನ ಹಬ್ಬದ ರೊಟ್ಟಿ ಬಡಿಯುವುದೂ ಅದೇ ಪಟ್ಟಿಯಲ್ಲಿದೆ.

ಆ ಹುಡುಗನ ಭಾನುವಾರ ಮಂಗಳವಾರವೇ ಬರಲಿ, ಗುರುವಾರವೇ ಬರಲಿ. ಬರಬೇಕು, ಅಷ್ಟೇ.